ಸದ್ದು ಮಾಡದ ವಾಲ್ವು

17 ನವೆಂಬರ್ 2024, ಭಾನುವಾರ

ಬೆಳಿಗ್ಗೆ ಟಾರ್ಪಾಲು ಎಳೆದದ್ದೇ ತಡ, ಬಾನೆಟ್ಟಿನ ಕೆಳಗಿಂದ ಒಂದು ಇಲಿ ಹಾರಿ ಅಟ್ಟದ ಕಡೆ ಓಡಿತು. ಮಾವನವರ ಅಂಬಾಸಿಡರ್. 1984ರ ಮಾರ್ಕ್ 4, ಪೆಟ್ರೋಲು. ಅವರು ತೀರಿಕೊಂಡ 2011ರ ಮಳೆಗಾಲದಿಂದ ಇದ್ದಲ್ಲೇ ಇದೆ. ತೀರ್ಥಹಳ್ಳಿಯ ಮಳೆ ಕಬ್ಬಿಣಕ್ಕೆ ಏನು ಮಾಡುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮನೆ ಬಾಗಿಲ ಚಿಲಕವೇ ಆಷಾಢದಲ್ಲಿ ಕೂರುವುದಿಲ್ಲ.

ಮೇ ತಿಂಗಳಲ್ಲಿ ರಿಟೈರ್ ಆದೆ. ಹೈಸ್ಕೂಲಿನಲ್ಲಿ ಮೂರು ದಶಕ ವಿಜ್ಞಾನ ಪಾಠ ಮಾಡಿ ಎಂಜಿನ್ನಿನ ನಾಲ್ಕು ಹೊಡೆತಗಳ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಒಂದು ವಾಲ್ವನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. "ಗುಜರಿಗೆ ಹಾಕು" ಅಂತ ಇವರು. "ಎಳ್ಳಮಾವಾಸ್ಯೆ ಜಾತ್ರೆಗೆ ಇದರಲ್ಲೇ ಹೋಗುವಾ" ಅಂತ ಅತ್ತೆ. ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ, ಸ್ಟಿಯರಿಂಗ್ ಪಕ್ಕದ ಆ ಗೇರು ಹಾಕುತ್ತ. ಅತ್ತೆಯ ಕಡೆ ಓಟು ಹಾಕಿದೆ.

ಏರ್ ಕ್ಲೀನರಿನಲ್ಲಿ ಇಲಿಗೂಡು: ಹತ್ತಿ, ಅಡಿಕೆ ಸಿಪ್ಪೆ, ಯಾವುದೋ ಪಂಚಾಂಗದ ಚೂರುಗಳು. ನಾಲ್ಕೂ ಪ್ಲಗ್ಗು ಬಿಚ್ಚಿ ಒಂದೊಂದು ತೂತಿಗೂ ಎರಡೆರಡು ಚಮಚ ಎಂಜಿನ್ ಆಯಿಲ್ ಹಾಕಿ ಬಿಟ್ಟೆ. ಸೇಲ್ಫು ಹೊಡೆಯುವ ಮೊದಲು ಕೈಯಲ್ಲೇ ತಿರುಗಿಸಬೇಕು. ಒಣಗಿದ ಕ್ಯಾಮ್ ಶಾಫ್ಟಿನ ಮೇಲೆ ಟ್ಯಾಪೆಟ್ ಉಜ್ಜಿದರೆ ಗಾಯ ಒಂದೇ ನಿಮಿಷದಲ್ಲಿ ಆಗಿಬಿಡುತ್ತದೆ. ಡಿಕ್ಕಿಯಲ್ಲಿ ಹ್ಯಾಂಡಲ್ ಸಿಕ್ಕಿತು.

20 ನವೆಂಬರ್, ಬುಧವಾರ

ಮೂರು ದಿನ ನೆನೆದ ಮೇಲೆ ಹ್ಯಾಂಡಲ್ ಹಾಕಿದೆ. ಮೊದಲು ಕಲ್ಲಿನ ಹಾಗಿತ್ತು. ಆಮೇಲೆ ಬೆಣ್ಣೆಯಲ್ಲಿ ಕಡೆಗೋಲು ಆಡಿದ ಹಾಗೆ ತಿರುಗಿತು. ಹೊಸ ಆಯಿಲ್, ಹೊಸ ಬ್ಯಾಟರಿ, ಪಾಯಿಂಟಿಗೆ ಪಾಲಿಶ್ ಕಾಗದ.

ಪೆಟ್ರೋಲಿನ ವಿಷಯ ಇಲ್ಲಿ ಬರೆದಿಡಬೇಕು. ಟ್ಯಾಂಕಿನಲ್ಲಿ ಹಳೆಯದು ಎಂಟೋ ಒಂಬತ್ತೋ ಲೀಟರ್ ಇತ್ತು. ಮೂಸಿದರೆ ಪೆಟ್ರೋಲಿನ ವಾಸನೆಯಲ್ಲ, ಬಡಗಿಯ ಪಾಲಿಶ್ ವಾಸನೆ. ತಂಗಿಯ ಮಗ ಬೆಂಗಳೂರಿನಿಂದ ಫೋನಿನಲ್ಲಿ "ಚೆಲ್ಲಿಬಿಡು ದೊಡ್ಡಮ್ಮ" ಅಂದ. ಒಂಬತ್ತು ಲೀಟರ್ ಚೆಲ್ಲುವುದೇ? ಮೇಲಿಂದ ಐದು ಲೀಟರ್ ಹೊಸತು ಹುಯ್ದೆ.

ಆರನೇ ಸಲಕ್ಕೆ ಹತ್ತಿಕೊಂಡಿತು. ಕೊಟ್ಟಿಗೆ ತುಂಬ ನೀಲಿ ಹೊಗೆ, ಹಟ್ಟಿಯ ದನ ಕೂಗಿದವು, ಅತ್ತೆ ಜಗಲಿಯಿಂದಲೇ ಕೈ ಮುಗಿದರು. ಇಪ್ಪತ್ತೈದು ನಿಮಿಷ ಓಡಿಸಿದೆ.

ಒಂದೇ ಊನ: ಹಿಂಭಾಗದಲ್ಲಿ, ಡ್ಯಾಶ್‌ಬೋರ್ಡಿನ ಗೋಡೆಗೆ ಹತ್ತಿರ, ಟಿಕ್ ಟಿಕ್ ಟಿಕ್. ಹೊಲಿಗೆ ಮಿಷನ್ನಿನ ಹಾಗೆ. ಅಡಿಕೆ ಸುಲಿಯಲು ಬಂದವರು ಸುತ್ತ ನಿಂತು ತೀರ್ಪು ಕೊಟ್ಟರು: "ಟ್ಯಾಪೆಟ್ ಸೌಂಡು. ಬಿಗಿ ಮಾಡಿದ್ರೆ ಹೋಗ್ತದೆ." ಕೇಳಿದರೆ ಹೌದೆನ್ನಿಸುವ ಮಾತೇ. ಕ್ಯಾಮ್ ಶಾಫ್ಟು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಆದ್ದರಿಂದ ವಾಲ್ವಿನ ಕಡೆಯ ಸದ್ದಿನ ತಾಳವೂ ಅರ್ಧ. ಇದೂ ಅರ್ಧತಾಳದ ಸದ್ದೇ. ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ವಾಲ್ವ್ ಕವರಿನ ಮೇಲೆ ಆಡಿಸಿದೆ. ಕೊನೆಯ ವಾಲ್ವು, ಎಂಟನೆಯದು, ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟು.

ರೋಗ ಸಿಕ್ಕಿತು ಎಂದು ಖುಷಿಯಲ್ಲಿ ಮಲಗುತ್ತಿದ್ದೇನೆ.

21 ನವೆಂಬರ್, ಗುರುವಾರ

ಬೆಳಿಗ್ಗೆ ಸೇಲ್ಫು ಒತ್ತಿದೆ. ಟಕ್ ಎಂದು ಒಂದು ಸದ್ದು. ನಿನ್ನೆಯ ಟಿಕ್ ಅಲ್ಲ, ಒಣ ಕಡ್ಡಿ ಮುರಿದ ಹಾಗೆ. ಆಮೇಲೆ ಎಂಜಿನ್ ಕುಂಟುತ್ತ ತಿರುಗಿತು, ಹತ್ತಿಕೊಳ್ಳಲಿಲ್ಲ. ಹ್ಯಾಂಡಲ್ ಹಾಕಿ ನೋಡಿದರೆ ಕೈಗೇ ಗೊತ್ತಾಗುತ್ತಿದೆ: ಗಟ್ಟಿ, ಗಟ್ಟಿ, ಗಟ್ಟಿ, ಪೊಳ್ಳು. ಇದರ ಬೆಂಕಿಯ ಸರದಿ 1-3-4-2.

ಕವರು ಬಿಚ್ಚಿದೆ. ಮುಂದಿನಿಂದ ಮೂರನೆಯ ರಾಕರ್, ಎರಡನೇ ಸಿಲಿಂಡರಿನ ಇನ್ಲೆಟ್ಟಿನದು, ಲೊಡಲೊಡ. ಅದರ ಕೆಳಗಿನ ಪುಶ್ ರಾಡು ಬಿಲ್ಲಿನ ಹಾಗೆ ಬಾಗಿದೆ.

ಬಾಗಿಸಿದವಳು ನಾನೇ ಎಂಬುದು ಆಗ ತಿಳಿದಿರಲಿಲ್ಲ.

22 ನವೆಂಬರ್, ಶುಕ್ರವಾರ

ಉಸ್ತಾದರು ಬಂದರು. ಊರಿನಲ್ಲಿ ಎಲ್ಲರೂ ಹಾಗೇ ಕರೆಯುವುದು. ವಯಸ್ಸು ಎಪ್ಪತ್ತು ದಾಟಿದೆ, ಗ್ಯಾರೇಜು ಮಗನ ಕೈಯಲ್ಲಿ. ಕಂಪ್ಯೂಟರ್ ಹಾಕಿ ನೋಡುವ ಕಾರುಗಳ ಹತ್ತಿರ ಹೋಗುವುದಿಲ್ಲ. ಅಂಬಾಸಿಡರ್ ಎಂದ ಮೇಲೆ ಬಂದೇ ಬಂದರು.

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ ನನ್ನ ಮುಖ ನೋಡಿದರು.

"ಟೀಚರಮ್ಮ, ಈ ಪೆಟ್ರೋಲು ಬಿಸಿ ಇರೋವಾಗ ಜೋನಿ ಬೆಲ್ಲ. ತಣಿದ ಮೇಲೆ ಅಚ್ಚು ಬೆಲ್ಲ."

ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ಯಾವುದನ್ನೂ ವಿವರಿಸಿಲ್ಲ. ಹಳೆಯ ಪೆಟ್ರೋಲಿನ ಅಂಟು ಇನ್ಲೆಟ್ ವಾಲ್ವಿನ ಸ್ಟೆಮ್ಮಿಗೆ ಮೆತ್ತುತ್ತದೆ. ಎಂಜಿನ್ ಬಿಸಿಯಿರುವಷ್ಟು ಹೊತ್ತು ಜಾರುತ್ತದೆ. ರಾತ್ರಿ ತಣಿದಾಗ ಸ್ಟೆಮ್ಮು ಗೈಡಿನೊಳಗೆ ಅಂಟಿ ನಿಲ್ಲುತ್ತದೆ. ಬೆಳಿಗ್ಗೆ ಕ್ಯಾಮು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು ನೂಕುತ್ತದೆ, ರಾಡು ರಾಕರನ್ನು ನೂಕುತ್ತದೆ, ವಾಲ್ವು ಅಲ್ಲಾಡುವುದಿಲ್ಲ. ಮಧ್ಯದಲ್ಲಿ ಸೋಲುವುದು ಯಾರು? ಸಪೂರ ಇರುವವನು.

ಕಂಪ್ರೆಷನ್ ಗೇಜು ತಂದಿದ್ದರು. ಒಂದನೆಯದು 126, ಎರಡು 30, ಮೂರು 92, ನಾಲ್ಕು 124. ಪೌಂಡಿನ ಲೆಕ್ಕ. ಎರಡರಲ್ಲೇ ಎಲ್ಲರ ಕಣ್ಣು.

24 ನವೆಂಬರ್, ಭಾನುವಾರ

ರಾಡು ತೆಗೆಯುವ ಕೆಲಸ. ನಾನು ರಾಕರ್ ಶಾಫ್ಟನ್ನೇ ಬಿಚ್ಚಲು ಸ್ಪ್ಯಾನರ್ ಹಿಡಿದಿದ್ದೆ. ಉಸ್ತಾದರು ಕೈ ಹಿಡಿದರು. ಈ ಎಂಜಿನ್ನಿನ ತಲೆ ಹಿಡಿದಿರುವ 11 ನಟ್ಟುಗಳಲ್ಲಿ ನಾಲ್ಕು ರಾಕರಿನ ಕಾಲುಗಳ ಮೇಲೆಯೇ ಕೂತಿವೆ. ರಾಕರ್ ಎಂದುಕೊಂಡು ಸಡಿಲಿಸಿದರೆ ಹೆಡ್ಡೂ ಒಂದೇ ಕಡೆ ಸಡಿಲಾಗಿ, ಗ್ಯಾಸ್ಕೆಟ್ಟಿನಿಂದ ನೀರು ಸಿಲಿಂಡರಿಗೆ ಇಳಿಯಬಹುದು. ಬಿಚ್ಚಲೇಬೇಕಾದರೆ ಮೊದಲು ರೇಡಿಯೇಟರ್ ಖಾಲಿ ಮಾಡಬೇಕು, ಹನ್ನೊಂದನ್ನೂ ಸುತ್ತಿಗೊಂದಿಷ್ಟರಂತೆ ಬಿಡಬೇಕು.

ಒಂದು ರಾಡಿಗೆ ಅಷ್ಟೆಲ್ಲ ಬೇಡ. ಅಡ್ಜಸ್ಟರ್ ಸ್ಕ್ರೂ ಪೂರ್ತಿ ಸಡಿಲಿಸಿ, ರಾಕರನ್ನು ಶಾಫ್ಟಿನ ಮೇಲೆ ಸ್ಪ್ರಿಂಗಿನ ಕಡೆ ಪಕ್ಕಕ್ಕೆ ಒತ್ತಿ ಹಿಡಿದರು. ದಾರಿಯಾಯಿತು. "ಎಳೀಬೇಡಿ, ಮೊದಲು ತಿರುವಿ." ರಾಡಿನ ಬುಡಕ್ಕೆ ಆಯಿಲಿನ ಹಿಡಿತದಿಂದ ಟ್ಯಾಪೆಟ್ ಅಂಟಿಕೊಂಡಿರುತ್ತದೆ. ಸೀದಾ ಎಳೆದರೆ ಅದೂ ಮೇಲೆ ಬಂದು ಅಡ್ಡ ಬೀಳುತ್ತದೆ. ಬೆರಳಲ್ಲಿ ಬತ್ತಿ ಹೊಸೆದ ಹಾಗೆ ಹೊಸೆದೆ, ಕಳಚಿಕೊಂಡಿತು. ಈಚೆ ತೆಗೆದು ಮಾವನವರ ಮೇಜಿನ ಗಾಜಿನ ಮೇಲೆ ಉರುಳಿಸಿದರೆ ಕುಡುಕನ ನಡಿಗೆ.

ವಾಲ್ವು ಬಿಡಿಸಲು ಮುಕ್ಕಾಲು ದಿನ ಹಿಡಿಯಿತು. ಗೈಡಿನ ಬಾಯಿಗೆ ಥಿನ್ನರ್ ಹನಿಸುವುದು, ಕಾಯುವುದು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟುವುದು. ಮೊದಲ ಸಲ ಕೆಳಗಿಳಿದದ್ದು ಮೇಲೆ ಬರಲೇ ಇಲ್ಲ. ಸ್ಪ್ರಿಂಗಿನ ಅಷ್ಟು ಬಲಕ್ಕೂ ಜಗ್ಗದ ಅಂಟು! ಇಕ್ಕುಳದಲ್ಲಿ ಎತ್ತುವುದು, ಹನಿಸುವುದು, ತಟ್ಟುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಟ್ ಎಂದು ತಾನೇ ಹಾರಿ ಕೂತಿತು. ಇನ್ನೂ ಹತ್ತು ಸಲ ಮಾಡಿಸಿದರು. ಹತ್ತು ಸಲವೂ ಚಟ್.

ಟ್ಯಾಂಕು ಖಾಲಿ ಮಾಡಿದೆ. ಕೊನೆಗೂ ಚೆಲ್ಲಿದ್ದೇ.

3 ಡಿಸೆಂಬರ್, ಮಂಗಳವಾರ

ಫೆಂಗಲ್ ಚಂಡಮಾರುತದ ಬಾಲ. ಪುದುಚೇರಿಯಲ್ಲಿ ಅಪ್ಪಳಿಸಿದ್ದು ಇಲ್ಲಿಯ ಅಂಗಳಕ್ಕೂ ಬಂತು. ಬೇಯಿಸಿ ಹರವಿದ್ದ ಅಡಿಕೆ ಬಾಚಿ ಒಳಗೆ ಹಾಕುವಷ್ಟರಲ್ಲಿ ಎಲ್ಲರೂ ತೊಪ್ಪೆ. ಇವರು ಯಾರೊಡನೆಯೂ ಮಾತಾಡುತ್ತಿಲ್ಲ. ಕಾರಿನ ಸುದ್ದಿ ಎತ್ತಲಿಲ್ಲ.

7 ಡಿಸೆಂಬರ್, ಶನಿವಾರ

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪುಶ್ ರಾಡು ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಬಿಡಿಭಾಗ ಇನ್ನೂ ಸಿಗುತ್ತಿದೆ, ಪುಣ್ಯ. ಗಾಜಿನ ಮೇಲೆ ಉರುಳಿಸಿದೆ. ಸಾಧ್ವಿಯ ಹಾಗೆ ಸೀದಾ ಹೋಯಿತು.

ಗ್ಯಾಪ್ ಹೊಂದಿಸುವುದನ್ನು ಇವತ್ತು ಕಲಿತೆ. ಗಣಿತ ಮೇಷ್ಟ್ರುಗಳಿಗೆ ಹೇಳಬೇಕು ಇದನ್ನು. ಎಂಟು ವಾಲ್ವು. ಯಾವುದನ್ನು ಹೊಂದಿಸಬೇಕೋ ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆ. ಉಳಿದ ಸಂಖ್ಯೆಯ ವಾಲ್ವು ಪೂರ್ತಿ ತೆರೆದಿರುವಾಗ ಇದು ಪೂರ್ತಿ ಮುಚ್ಚಿರುತ್ತದೆ. ಎಂಟು ತೆರೆದಾಗ ಒಂದು, ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು. ಪುಸ್ತಕ ಬೇಡ, ಗುರುತು ಬೇಡ. ಉಸ್ತಾದರು ಶಾಲೆಗೆ ಹೋದದ್ದು ಮೂರೇ ವರ್ಷ, ಈ ಒಂಬತ್ತರ ಲೆಕ್ಕ ಅವರಿಗೆ ನಾಲಗೆ ತುದಿಯಲ್ಲಿದೆ.

ಫೀಲರ್ ಗೇಜಿನ 15 ಥೌ ಎಲೆ. ಇಂಚಿನ ಸಾವಿರದಲ್ಲಿ ಹದಿನೈದು ಪಾಲು, ಅಂದರೆ 0.38 ಮಿಲಿಮೀಟರ್. ಎಲೆ ಹೋಗಬೇಕು, ಆದರೆ ಹಳೆಯ ಸೀರೆಯ ಮಡಿಕೆಯಿಂದ ಪಿನ್ನು ತೆಗೆಯುವಾಗ ಸಿಗುವಷ್ಟು ತಡೆ ಇರಬೇಕು. ಬಹಳಷ್ಟು ಹೆಚ್ಚುಕಮ್ಮಿ ಹದಿನೈದರ ಆಸುಪಾಸಿನಲ್ಲೇ ಇದ್ದವು. ಐದನೆಯದರಲ್ಲಿ ಮಾತ್ರ 6ರ ಎಲೆ ಕಷ್ಟದಲ್ಲಿ ಹೋಯಿತು. ಹದಿನೈದಕ್ಕೆ ಸಡಿಲಿಸಿ ಮುಂದೆ ಹೋದೆ. ಎಂಟನೆಯದರದೇ ಧ್ಯಾನ. ಅದು ಹದಿನೈದೇ ತೋರಿಸಿತು!

ಹೊಸ ಪೆಟ್ರೋಲಿನಲ್ಲಿ ಹತ್ತಿಕೊಂಡಿತು. ಟಿಕ್ ಟಿಕ್ ಹಾಗೇ ಇದೆ.

8 ಡಿಸೆಂಬರ್, ಭಾನುವಾರ

ಎಂಟನೆಯದನ್ನು ಇನ್ನೂ ಎರಡು ಸಲ ಹೊಂದಿಸಿದೆ. ಎಲೆ ಹೇಳುವುದು ಹದಿನೈದು, ಕಿವಿ ಹೇಳುವುದು ಅಲ್ಲ ಎಂದು. ಉಸ್ತಾದರು ನನ್ನ ತೋರುಬೆರಳು ಹಿಡಿದು ರಾಕರಿನ ಮೂಗಿನ ಕೆಳಗೆ ಸವರಿಸಿದರು. ಉಗುರಿಗೆ ಒಂದು ಅಂಚು ತಗುಲಿತು. ವಾಲ್ವಿನ ಸ್ಟೆಮ್ಮು ಕುಟ್ಟಿ ಕುಟ್ಟಿ ರಾಕರಿನಲ್ಲಿ ಗುಳಿ ಬಿದ್ದಿದೆ. ಫೀಲರಿನ ಅಗಲ ಎಲೆ ಗುಳಿಯ ಮೇಲೆ ಸಂಕದ ಹಾಗೆ ಹಾಸಿಕೊಳ್ಳುತ್ತದೆ. ಅಳೆಯುವುದು ಸಂಕದ ಕೆಳಗಿನ ಜಾಗವನ್ನು ಮಾತ್ರ. ಮೇಲಿನ ಹೊಂಡ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬ ಶಿವಮೊಗ್ಗದ ಫೌಂಡ್ರಿಯಲ್ಲಿದ್ದಾನೆ. ಡಯಲ್ ಗೇಜು ಕೇಳಿದ್ದೇನೆ.

14 ಡಿಸೆಂಬರ್, ಶನಿವಾರ

ಗೇಜಿನ ಮುಳ್ಳನ್ನು ರಾಕರಿನ ಮೂಗಿನ ಮೇಲೆ ಕೂರಿಸಿ ರಾಕರನ್ನು ಬೆರಳಲ್ಲಿ ಆಡಿಸಿದೆ. 0.58 ಮಿಲಿಮೀಟರ್. ಅಂದರೆ ಹತ್ತಿರ ಹತ್ತಿರ 23 ಥೌ. ಎಲೆ ಹದಿನೈದು ಎಂದಾಗ ನಿಜವಾಗಿ ಇದ್ದದ್ದು ಇಪ್ಪತ್ಮೂರು. ಗೇಜು ನೋಡಿಕೊಂಡೇ 0.38ಕ್ಕೆ ತಂದೆ. ಸ್ಟಾರ್ಟು ಮಾಡಿದರೆ ಟಿಕ್ ಹೋಗಿತ್ತು. ಪೂರ್ತಿ ಅಲ್ಲ, ಸಭ್ಯ ಮಟ್ಟಕ್ಕೆ ಇಳಿದಿತ್ತು. ಮೂರು ವಾರದಿಂದ ಇದೊಂದರ ಹಿಂದೆ ಬಿದ್ದಿದ್ದೆ.

ಉಸ್ತಾದರಿಗೆ ಸಂತೋಷವಾದಂತೆ ಕಾಣಲಿಲ್ಲ. ಟೀ ಕುಡಿಯುತ್ತ ಕೇಳಿದರು: "ಇಷ್ಟು ದಿನ ಸದ್ದೇ ಮಾಡದೆ ಇದ್ದದ್ದು ಯಾವುದು?"

ಅರ್ಥವಾಗಲಿಲ್ಲ. "ಐದು," ಎಂದರು. "ಆರು ಥೌ ಇತ್ತಲ್ಲ."

ಆಮೇಲೆ ಈ ನೋಟ್‌ಬುಕ್ ತಿರುವಿ ಹಾಕಿದೆ. ನವೆಂಬರ್ 22. ಮೂರನೇ ಸಿಲಿಂಡರ್ 92. ಬರೆದುಕೊಂಡವಳು ನಾನೇ. ಒಬ್ಬ ಹುಡುಗ ಗಲಾಟೆ ಮಾಡುತ್ತಾನೆಂದು ವರ್ಷವಿಡೀ ಅವನನ್ನೇ ಬೆಂಚಿನ ಮೇಲೆ ನಿಲ್ಲಿಸಿ, ಕೊನೇ ಸಾಲಿನಲ್ಲಿ ಬಾಯಿ ಬಿಡದೆ ಕೂತ ಹುಡುಗಿ ಫೇಲಾದಾಗ ಬೆಚ್ಚಿಬಿದ್ದದ್ದು ನೆನಪಿದೆ. ಆ ಮಾತು ಇಲ್ಲಿ ಬೇಡ.

ಐದನೆಯ ವಾಲ್ವು ಮೂರನೇ ಸಿಲಿಂಡರಿನ ಎಕ್ಸಾಸ್ಟು. ವಾಲ್ವು ಸೀಟಿನೊಳಗೆ ಇಳಿದಷ್ಟೂ ಅದರ ಬಾಲ ಮೇಲಕ್ಕೆ ಬರುತ್ತದೆ. ಬಾಲ ಮೇಲೆ ಬಂದಷ್ಟೂ ಗ್ಯಾಪು ಕಡಿಮೆ, ಸದ್ದೂ ಕಡಿಮೆ. ಗ್ಯಾಪು ಸೊನ್ನೆಯಾದ ದಿನ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ. ವಾಲ್ವಿನ ಮುಖದ ಬಿಸಿ ಇಳಿದುಹೋಗುವುದು ಸೀಟಿಗೆ ಅಂಟಿ ಕೂತ ಆ ಒಂದು ಕ್ಷಣದಲ್ಲಿ. ಕೂರಲು ಬಿಡದಿದ್ದರೆ ಸುಡುತ್ತದೆ. ಅಡಿಕೆ ಸುಲಿಯುವವರ ಮಾತು ಕೇಳಿ ಎಲ್ಲವನ್ನೂ "ಬಿಗಿ" ಮಾಡಿದ್ದರೆ ಎಂಟನ್ನೂ ಸುಡುತ್ತಿದ್ದೆ.

ಮತ್ತೆ ಕಂಪ್ರೆಷನ್: 128, 122, 88, 126. ಮೂರಕ್ಕೆ ಒಂದು ಚಮಚ ಆಯಿಲ್ ಹಾಕಿ ಇನ್ನೊಂದು ಸಲ: 93. ರಿಂಗು ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಇನ್ನೂ ಎಷ್ಟೋ ಮೇಲೇರಬೇಕಿತ್ತು. ವಾಲ್ವೇ.

15 ಡಿಸೆಂಬರ್, ಭಾನುವಾರ

ಉಸ್ತಾದರು ತಾವೇ ಮಾಡಿಕೊಂಡ ಒಂದು ಉಪಕರಣ: ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದಕ್ಕೆ ಟ್ಯೂಬಿನ ಮೊಳೆ ಬೆಸುಗೆ ಹಾಕಿದ್ದಾರೆ. ಮೂರನೇ ಪಿಸ್ಟನ್ನನ್ನು ಎರಡೂ ವಾಲ್ವು ಮುಚ್ಚಿದ ತುತ್ತತುದಿಗೆ ತಂದು, ಟಾಪ್ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಪಂಕ್ಚರ್ ಅಂಗಡಿಯಿಂದ ತಂದ ಕಂಪ್ರೆಸರಿನಿಂದ ಗಾಳಿ ಬಿಟ್ಟರು. ಗಾಳಿ ಎಲ್ಲಿಂದ ಹೊರಗೆ ಬರುತ್ತದೋ ಅಲ್ಲಿ ರೋಗ. ಕಾರ್ಬುರೇಟರಿನಲ್ಲಿ ಬಂದರೆ ಇನ್ಲೆಟ್, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ನನ್ನನ್ನು ಸೈಲೆನ್ಸರಿನ ಹಿಂದೆ ಕೂರಿಸಿದರು. ಒಣಗಿದ ಬಾಳೆಯ ನಾರೊಂದನ್ನು ಕೊಳವೆಯ ಬಾಯಿಗೆ ಹಿಡಿದೆ. ಸಣ್ಣಗೆ, ಒಂದೇ ಸಮನೆ ನಡುಗಿತು. ಕಿವಿ ಹತ್ತಿರ ತಂದರೆ ಮಲಗಿದ ಮಗುವಿನ ಉಸಿರಿನಷ್ಟು ಸದ್ದು.

ಹೆಡ್ ಇಳಿಸಲೇಬೇಕು. ಎಳ್ಳಮಾವಾಸ್ಯೆಗೆ ಹದಿನೈದು ದಿನ.

22 ಡಿಸೆಂಬರ್, ಭಾನುವಾರ

ನೀರು ಖಾಲಿ, ಹನ್ನೊಂದು ನಟ್ಟು ಸುತ್ತು ಸುತ್ತಾಗಿ. ಹೆಡ್ ಎತ್ತಲು ಅಡಿಕೆ ಸುಲಿಯುವವರಲ್ಲಿ ಇಬ್ಬರನ್ನು ಕರೆದೆ. ತಿರುಗಿಸಿ ಹಲಗೆಯ ಮೇಲಿಟ್ಟಾಗ ಮೊದಲು ಕಂಡದ್ದು ಚಂದ: ನಾಲ್ಕು ಗುಂಡಿಗಳೂ ಹೃದಯದ ಆಕಾರ. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಕೊಟ್ಟ ವಿನ್ಯಾಸ. ಮಾರಿಸ್ ಆಕ್ಸ್‌ಫರ್ಡಿನ 1489 ಸಿಸಿ ಎಂಜಿನ್ನಿನ ಜೊತೆ ಇಲ್ಲಿಗೆ ಬಂದದ್ದು.

ಮೂರನೆಯ ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಅರ್ಧಚಂದ್ರಾಕಾರದಲ್ಲಿ ತುಕ್ಕಿನ ಹಲ್ಲುಗಳು, ಒಂದು ಕಡೆ ಸುಟ್ಟ ಬಿಳಿ ಗೆರೆ. ಸೀಟು ಉಳಿದವಕ್ಕಿಂತ ಕಣ್ಣಿಗೆ ಕಾಣುವಷ್ಟು ತಗ್ಗು. ಎರಡು ಕಾಲದ ಕೇಡು ಒಂದರ ಮೇಲೊಂದು ಬರೆದಂತಿದೆ. ತಗ್ಗು ಓಡಿದ ಕಾಲದ್ದು. 2000ದ ಫೆಬ್ರುವರಿ 1ರಿಂದ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಆ ಸೀಸವೇ ಈ ಎರಕದ ಸೀಟುಗಳಿಗೆ ಮೆತ್ತೆಯಾಗಿತ್ತು. ಆಮೇಲಿನ ಹನ್ನೊಂದು ವರ್ಷ ಮಾವನವರು ಶಿವಮೊಗ್ಗ, ಆಗುಂಬೆ ಎಂದು ಓಡಿಸುತ್ತಲೇ ಇದ್ದರು. ತುಕ್ಕು ನಿಂತ ಕಾಲದ್ದು. ಎಂಜಿನ್ ಎಲ್ಲಿಯೇ ನಿಲ್ಲಲಿ, ಒಂದೆರಡು ವಾಲ್ವು ತೆರೆದೇ ಇರುತ್ತದೆ. ಕೊನೆಯ ಸಲ ಯಾರೋ ಕೀಲಿ ತಿರುವಿದಾಗ ಇದು ತೆರೆದು ನಿಂತಿರಬೇಕು. ಸೈಲೆನ್ಸರಿನ ಮೂಲಕ ಹದಿಮೂರು ಮಳೆಗಾಲದ ಗಾಳಿ ಸೀದಾ ಇದರ ಮೇಲೆ.

ಮೂರಕ್ಕೇ ಯಾಕೆ ಹೆಚ್ಚು ತಗ್ಗು? ಉಸ್ತಾದರು ಹೆಡ್ಡಿನ ಪಕ್ಕ ತೋರಿಸಿದರು. ಎರಡರ ಎಕ್ಸಾಸ್ಟು ಮೂರರ ಎಕ್ಸಾಸ್ಟು ಅಕ್ಕಪಕ್ಕ, ಇಬ್ಬರಿಗೂ ಸೇರಿ ಒಂದೇ ಪೋರ್ಟು. ಎರಡು ಒಲೆಯ ಹೊಗೆ ಒಂದೇ ಕೊಳವೆಯಲ್ಲಿ. ನಡುವಿನ ಗೋಡೆಗೆ ತಣಿಯಲು ಬಿಡುವಿಲ್ಲ.

29 ಡಿಸೆಂಬರ್, ಭಾನುವಾರ

ಸೀಟನ್ನು ಶಿವಮೊಗ್ಗದಲ್ಲಿ ಕತ್ತರಿಸಿ ಹೊಸ ರಿಂಗು ಕೂರಿಸಿಕೊಂಡು ಬಂದೆವು, ವಾಲ್ವು ಹೊಸತು. ಗ್ರೈಂಡಿಂಗ್ ಪೇಸ್ಟು ಹಚ್ಚಿ ಉಜ್ಜುವುದು ನನ್ನ ಪಾಲಿಗೆ. ರಬ್ಬರ್ ಬಟ್ಟಲಿರುವ ಕೋಲನ್ನು ವಾಲ್ವಿನ ಮುಖಕ್ಕೆ ಅಂಟಿಸಿ, ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವ ಹಾಗೆ. ನಡುನಡುವೆ ಎತ್ತಿ ಕಾಲು ಸುತ್ತು ಜರುಗಿಸಿ ಮತ್ತೆ. ಮೊದಲು ಮರಳಿನ ಮೇಲೆ ಚಪ್ಪಲಿಯ ಸದ್ದು. ಐದಾರು ನಿಮಿಷಕ್ಕೆ ಸದ್ದು ಮೆತ್ತಗಾಗುತ್ತದೆ. ಆಗ ಒರೆಸಿ ನೋಡಿದರೆ ಸುತ್ತಲೂ ಒಂದೇ ಅಗಲದ ಬೂದು ಉಂಗುರ. ಎಂಟೂ ವಾಲ್ವು ಮುಗಿಯುವಾಗ ಅಂಗೈಯಲ್ಲಿ ಬೊಬ್ಬೆ.

ಅತ್ತೆ ಬಂದು ಪಕ್ಕ ಕೂತರು. "ನಾಳೆಗೆ ಆಗ್ತದನೇ?"

"ಇಲ್ಲ."

"ಮುಂದಿನ ವರ್ಷವೂ ಅಮಾಸೆ ಬರ್ತದೆ," ಅಂದವರು ಕೋಲು ಇಸಿದುಕೊಂಡು ಎಂಟನೆಯದನ್ನು ಇನ್ನೆರಡು ಸುತ್ತು ಕಡೆದರು. ಅವರ ಕೈ ನನ್ನದಕ್ಕಿಂತ ಪಳಗಿದೆ.

ರಾತ್ರಿ ಹೆಡ್ ಅಂಗಾತ ಮಲಗಿಸಿ, ಪ್ಲಗ್ಗು ಬಿಗಿದು, ನಾಲ್ಕೂ ಹೃದಯಗಳಿಗೆ ಸೀಮೆಎಣ್ಣೆ ತುಂಬಿಸಿಟ್ಟೆ. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ. ಅಟ್ಟದ ಹಳೇ ಕ್ಯಾನಿನ ತಳದಲ್ಲಿ ಇದ್ದದ್ದು. ಬೆಳಿಗ್ಗೆ ಪೋರ್ಟುಗಳು ಒಣಗಿದ್ದರೆ ವಾಲ್ವು ಕೂತಿದೆ ಎಂದು ಲೆಕ್ಕ.

30 ಡಿಸೆಂಬರ್, ಸೋಮವಾರ, ಎಳ್ಳಮಾವಾಸ್ಯೆ

ಐದು ಗಂಟೆಗೇ ಎದ್ದು ಟಾರ್ಚು ಹಿಡಿದು ಕೊಟ್ಟಿಗೆಗೆ ಹೋದೆ. ಒಂದೊಂದೇ ಪೋರ್ಟಿಗೆ ಬೆರಳಿಟ್ಟೆ. ಇನ್ಲೆಟ್ಟಿನ ಮೊದಲನೆಯದು ಒಣ. ಎರಡನೆಯದು ಒಣ. ಎಕ್ಸಾಸ್ಟಿನ ತುದಿಯವೆರಡೂ ಒಣ. ಮಧ್ಯದ್ದರಲ್ಲಿ ಬೆರಳು ಒದ್ದೆಯಾಯಿತು.

ಮಧ್ಯದ್ದು ಎರಡರದೂ ಹೌದು, ಮೂರರದೂ ಹೌದು. ಹೊಸ ಸೀಟು ಸೋರುತ್ತಿದೆಯೋ, ಇಷ್ಟು ದಿನ ಯಾರೂ ಅನುಮಾನಿಸದ ಪಕ್ಕದವಳೋ? ಮಟ್ಟ ನೋಡಿದರೆ ಎರಡೂ ಇಳಿದಂತೆ ಕಾಣುವುದಿಲ್ಲ.

ಆಟೋ ಏಳಕ್ಕೆ ಬರುತ್ತದೆ. ಅತ್ತೆ ಸ್ನಾನದ ಸೀರೆ ಚೀಲಕ್ಕೆ ತುಂಬಿಸುತ್ತಿದ್ದಾರೆ. ಪೋರ್ಟು ಒರೆಸಿ ಒಣಗಿಸಿ, ಎರಡನೇ ಗುಂಡಿಯ ಎಣ್ಣೆಯನ್ನು ಸಿರಿಂಜಿನಿಂದ ಪೂರ್ತಿ ಎಳೆದು ತೆಗೆದೆ. ಮೂರನೆಯದನ್ನು ಮಾತ್ರ ತುಂಬಿಸಿಟ್ಟು ಬಂದಿದ್ದೇನೆ. ತುಂಗೆಯಲ್ಲಿ ಮಿಂದು ಬಂದ ಮೇಲೆ ನೋಡುವುದು.